ಒಂದೇ ಲಸಿಕೆ, ಬೇರೆ ಬೇರೆ ಊರು

ಬೋಧನಾಭ್ಯಾಸಕ್ಕೆಂದು ನಾವು ನಾಲ್ವರು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಶಾಲೆಗಳಿಗೆ ಹಂಚಿಹೋಗಿದ್ದೆವು. ಎಂಟನೆಯ ತರಗತಿಯ ಸೂಕ್ಷ್ಮಜೀವಿಗಳ ಪಾಠವನ್ನು ಒಂದೇ ಪಾಠಯೋಜನೆಯಂತೆ ಒಂದು ವಿಭಾಗಕ್ಕೆ ಚಟುವಟಿಕೆಯಿಂದ, ಇನ್ನೊಂದಕ್ಕೆ ಬರೀ ವಿವರಣೆಯಿಂದ ಕಲಿಸಿ, ಎಲ್ಲ ಕಡೆ ಒಂದೇ ಪ್ರಶ್ನೆಪತ್ರಿಕೆ ಕೊಟ್ಟೆವು. ಮೂರು ಊರುಗಳಲ್ಲಿ ಚಟುವಟಿಕೆಯ ಮಕ್ಕಳು ಮುಂದಿದ್ದರು, ಬೀಳಗಿಯಲ್ಲಿ ಹಿಂದೆ ಬಿದ್ದರು. ವರದಿ ಬರೆಯುವ ಪಾಳಿ ನನ್ನದು. ನಾಲ್ಕನ್ನೂ ಕೂಡಿಸಿ ಒಂದು ಸರಾಸರಿ ಬರೆದು ಒಪ್ಪಿಸಿದೆ. ಬೀಳಗಿ ಎಲ್ಲಿ ಹೋಯಿತೆಂದು ಕೇಳಿ ಮಾರ್ಗದರ್ಶಕ ಗುರುಗಳು ಹಾಳೆ ಮರಳಿ ಕೊಟ್ಟರು. ಬೀಳಗಿಯಲ್ಲಿ ಕಲಿಸಿದವಳು ನಾನೇ.

ಅದೇ ಪಾಠಕ್ಕೆ ಓದಿಕೊಂಡಿದ್ದ ವಾಲ್ಡೆಮಾರ್ ಹಾಫ್‌ಕಿನ್ ಅವರ ಜೀವನವನ್ನು ಆ ರಾತ್ರಿ ಮತ್ತೆ ತೆಗೆದೆ.

ಅವರು 1860ರಲ್ಲಿ ಒಡೆಸ್ಸಾದ ಯಹೂದಿ ಮನೆತನದಲ್ಲಿ ಹುಟ್ಟಿದರು, ಮೆಚ್ನಿಕಾಫ್ ಅವರ ಶಿಷ್ಯರಾದರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಮೊದಲು ದೊರೆತದ್ದು ಗ್ರಂಥಪಾಲಕನ ಕೆಲಸ. 1892ರಲ್ಲಿ ಕಾಲರಾ ಲಸಿಕೆ ತಯಾರಿಸಿ ತಮಗೇ ಚುಚ್ಚಿಕೊಂಡರು. ಮರುವರ್ಷ ಭಾರತಕ್ಕೆ ಬಂದರು. ಕಲ್ಕತ್ತೆಯ ಬಸ್ತಿಗಳಲ್ಲಿ ಒಂದೇ ಮನೆಯಲ್ಲಿದ್ದು ಒಂದೇ ನೀರು ಕುಡಿಯುವವರ ನಡುವೆ, ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದರು. ವಿಜ್ಞಾನ ಶಿಕ್ಷಕರಾಗುವ ನಮಗೆ ಲಸಿಕೆಯಷ್ಟೇ ಈ ಹೋಲಿಕೆಯೂ ಮುಖ್ಯವೆಂದು ನನಗನಿಸುತ್ತದೆ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ಹಾಫ್‌ಕಿನ್ ಅಲ್ಲಿ ಪ್ಲೇಗಿನ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮತ್ತೆ ಮೊದಲು ತಮ್ಮ ಮೈಗೇ ಚುಚ್ಚಿಕೊಂಡರು. 1898ರಲ್ಲಿ ಬರೋಡಾ ಸಂಸ್ಥಾನದ ಉಂಧೇರಾ ಹಳ್ಳಿಯಲ್ಲಿ ಪ್ರತಿ ಕುಟುಂಬದ ಅರ್ಧದಷ್ಟು ಜನರಿಗೆ ಲಸಿಕೆ ಹಾಕಿದರು. ಪಡೆದ 71 ಜನರಲ್ಲಿ 8 ಮಂದಿಗೆ ರೋಗ ತಗಲಿ 3 ಮಂದಿ ಸತ್ತರು. ಪಡೆಯದ 64 ಜನರಲ್ಲಿ 27 ಮಂದಿಗೆ ತಗಲಿ 26 ಮಂದಿ ಸತ್ತರು.

ಅದೇ ವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಈ ಲಸಿಕೆ ಪಡೆದರು. ಸಂಖ್ಯೆ ದೊಡ್ಡದು, ಲೆಕ್ಕ ಮಾತ್ರ ತೊಡಕಿನದು. ಇಲ್ಲಿ ಮನೆಮನೆಯನ್ನು ಅರ್ಧ ಮಾಡಿರಲಿಲ್ಲ. ವಾರ ವಾರಕ್ಕೂ ಲಸಿಕೆ ಪಡೆಯದವರ ಗುಂಪು ಕರಗುತ್ತಿತ್ತು. ಪ್ಲೇಗು ಬಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದ ಕಾಲ ಅದು. ಊರಲ್ಲಿ ಉಳಿದವರೆಷ್ಟು ಎಂಬುದೇ ದಿನಕ್ಕೊಂದು ಬಗೆ. ಹೀಗಿರುವಾಗ ಉಂಧೇರಾವನ್ನೂ ಹುಬ್ಬಳ್ಳಿಯನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ ಬರುವ ಸಂಖ್ಯೆ ಯಾವ ಊರಿನದು? ಆಗಿನ ಪ್ಲೇಗು ಆಯೋಗ ಹಾಗೆ ಮಾಡಲಿಲ್ಲ. ಲಸಿಕೆಯಿಂದ ರೋಗವೂ ಸಾವೂ ಕಡಿಮೆಯಾಗುತ್ತವೆ, ಪೂರ್ಣ ರಕ್ಷಣೆಯಿಲ್ಲ ಎಂದಿತು. ಎಷ್ಟು ಕಡಿಮೆ ಎಂಬುದಕ್ಕೆ ಒಂದೇ ಅಂಕಿ ಕಟ್ಟಲಿಲ್ಲ.

ಆ ಆಯೋಗದ ಸದಸ್ಯರಲ್ಲೊಬ್ಬರು ಆಲ್ಮ್‌ರಾತ್ ರೈಟ್. ಅವರ ಟೈಫಾಯಿಡ್ ಲಸಿಕೆಯ ಅಂಕಿಗಳನ್ನು 1904ರಲ್ಲಿ ಒಟ್ಟುಗೂಡಿಸಿ ನೋಡಿದವರು ಕಾರ್ಲ್ ಪಿಯರ್ಸನ್, ನಾವು ಮೌಲ್ಯಮಾಪನ ಪತ್ರಿಕೆಯಲ್ಲಿ ಸಹಸಂಬಂಧದ ಸೂತ್ರಕ್ಕಾಗಿ ಬಾಯಿಪಾಠ ಮಾಡುವ ಅದೇ ಪಿಯರ್ಸನ್. ಲಸಿಕೆಗೂ ರೋಗದಿಂದ ಪಾರಾಗುವುದಕ್ಕೂ ಇರುವ ಸಹಸಂಬಂಧ ಲೇಡಿಸ್ಮಿತ್ ದಂಡಿನಲ್ಲಿ 0.445, ಭಾರತದ ಸೇನೆಯಲ್ಲಿ 0.100, ಇನ್ನೊಂದು ಗುಂಪಿನಲ್ಲಿ ಬರೀ 0.021. ಐದು ಗುಂಪುಗಳ ಸರಾಸರಿ 0.23. ಅವರು ಸರಾಸರಿಯನ್ನು ಬರೆದರು, ಆದರೆ ಗುಂಪು ಗುಂಪಿಗೂ ಇಷ್ಟು ಅಂತರವೇಕೆ ಎಂದು ತಡೆದು ನಿಂತರು. ಇಂದಿನ ವೈದ್ಯಕೀಯ ಮೆಟಾ ಅನಾಲಿಸಿಸ್‌ನಲ್ಲೂ ಇದೇ ಪ್ರಶ್ನೆ ಇದೆ. ಅಧ್ಯಯನಗಳ ನಡುವಿನ ವ್ಯತ್ಯಾಸದಲ್ಲಿ ಆಕಸ್ಮಿಕವನ್ನು ಮೀರಿದ ಪಾಲು ಶೇಕಡಾ ಎಷ್ಟು ಎಂದು ಐ-ಸ್ಕ್ವೇರ್ಡ್ ಎಂಬ ಅಳತೆಯಿಂದ ಅಂದಾಜಿಸುತ್ತಾರೆ. ಅದು ಹೆಚ್ಚಿದ್ದರೆ ಪರಿಣಾಮ ಎಲ್ಲೆಡೆ ಒಂದೇ ಎಂದು ಹಿಡಿಯದ ಮಾದರಿಯನ್ನು ಬಳಸುತ್ತಾರೆ. ವಯಸ್ಸು, ಡೋಸು, ಅಧ್ಯಯನ ನಡೆಸಿದ ರೀತಿ ಇವುಗಳಲ್ಲಿ ಕಾರಣ ಹುಡುಕುತ್ತಾರೆ. ಮಾದರಿ ಬದಲಿಸಿದ ಮಾತ್ರಕ್ಕೆ ಕಾರಣ ಸಿಕ್ಕಂತಾಗುವುದಿಲ್ಲ.

ಹಾಫ್‌ಕಿನ್ ಅವರಿಗೆ ಈ ಪ್ರಶ್ನೆ ಬದುಕಿನದೇ ಆಯಿತು. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್‌ನಲ್ಲಿ 107 ಜನರಿಗೆ ಲಸಿಕೆ ಹಾಕಲಾಯಿತು. ಅವರಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ತಪ್ಪೆಲ್ಲ ಮುಂಬಯಿಯ ಪ್ರಯೋಗಾಲಯದ ಮೇಲೆ ಬಿದ್ದು, ಅವರು ಹುದ್ದೆ ಕಳೆದುಕೊಂಡರು. ಆದರೆ ಆ ದಿನ ಬಳಸಿದ ಬಾಟಲಿಗಳು ಐದು. ಸತ್ತವರೆಲ್ಲ ಒಂದೇ ಬಾಟಲಿಯಿಂದ ಲಸಿಕೆ ಪಡೆದವರು. ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಗೊಳಿಸದೆ, ಅದರಿಂದಲೇ ಆ ಬಾಟಲಿಯ ಬಿರಡೆ ತೆಗೆಯಲಾಗಿತ್ತು. ಇದನ್ನು ಒಪ್ಪಿಸಲು ವರ್ಷಗಳೇ ಹಿಡಿದವು. ರೊನಾಲ್ಡ್ ರಾಸ್ ಮುಂತಾದವರು ಅವರ ಪರ ನಿಂತರು. 1907ರಲ್ಲಿ ದೋಷಮುಕ್ತರಾಗಿ ಕಲ್ಕತ್ತೆಗೆ ಮರಳಿದರೂ ತಾವೇ ಕಟ್ಟಿದ ಮುಂಬಯಿಯ ಪ್ರಯೋಗಾಲಯ ಅವರಿಗೆ ಮತ್ತೆ ದಕ್ಕಲಿಲ್ಲ. 1925ರಲ್ಲಿ ಅದಕ್ಕೆ ಅವರ ಹೆಸರಿಟ್ಟರು. 1930ರಲ್ಲಿ ಲೊಸಾನ್‌ನಲ್ಲಿ ತೀರಿಕೊಂಡರು.

ಮರುದಿನ ನಾಲ್ವರೂ ನಮ್ಮ ಪಾಠದ ದಿನಚರಿಗಳನ್ನು ಎದುರುಬದುರು ಇಟ್ಟು ಓದಿದೆವು. ಉಳಿದ ಮೂವರು ಎರಡು ಅವಧಿಗಳನ್ನು ಜೋಡಿಸಿಕೊಂಡಿದ್ದರು. ನಾನು ಒಂದೇ ಅವಧಿಯಲ್ಲಿ ಮುಗಿಸಿದ್ದೆ. ಮೈದಾ ಹಿಟ್ಟಿಗೆ ಯೀಸ್ಟ್ ಬೆರೆಸಿಟ್ಟು, ಅದು ಉಬ್ಬುವ ಮೊದಲೇ ಗಂಟೆ ಬಾರಿಸಿತ್ತು. ಉಬ್ಬಿದ ಹಿಟ್ಟನ್ನು ನನ್ನ ಮಕ್ಕಳು ನೋಡಿಯೇ ಇರಲಿಲ್ಲ. ಪರೀಕ್ಷೆಯಲ್ಲಿ ಎರಡು ಪ್ರಶ್ನೆಗಳು ಅದರ ಮೇಲೆಯೇ ಇದ್ದವು. ಹೊಸ ವರದಿಯಲ್ಲಿ ನಾಲ್ಕು ಊರುಗಳ ಸಾಲನ್ನೂ ಬೇರೆ ಬೇರೆ ಬರೆದು, ಬೀಳಗಿಯ ಸಾಲಿನ ಮುಂದೆ ಒಂದು ಅವಧಿ ಎಂದು ನಮೂದಿಸಿದ್ದೇನೆ.