ಮುಳ್ಳನ್ನು ಮುತ್ತಿದ ಜೀವಕೋಶಗಳು

ಮಕ್ಕಳೇ, ಕಾಲಿಗೆ ಚುಚ್ಚಿದ ಮುಳ್ಳು ಒಳಗೇ ಮುರಿದರೆ ಮರುದಿನ ಆ ಜಾಗ ಕೆಂಪಾಗಿ ಊದಿಕೊಳ್ಳುತ್ತದೆ, ಕೀವೂ ತುಂಬಬಹುದು. ಕೀವಿನಲ್ಲಿ ಬಿಳಿ ರಕ್ತಕಣಗಳಿರುವುದು 19ನೇ ಶತಮಾನದ ವೈದ್ಯರಿಗೂ ಗೊತ್ತಿತ್ತು. ಆದರೆ ಅವು ರೋಗಾಣುಗಳನ್ನು ಹೊತ್ತು ಮೈಯೆಲ್ಲ ಹರಡುತ್ತವೆ ಎಂದೇ ಹಲವರು ತಿಳಿದಿದ್ದರು. ಅವು ನಮ್ಮ ಕಾವಲುಗಾರರು ಎಂದು ತೋರಿಸಿದವರು ಇಲ್ಯಾ ಮೆಚ್ನಿಕಾಫ್. ಅವರು ವೈದ್ಯರಲ್ಲ, ಪ್ರಾಣಿವಿಜ್ಞಾನಿ.

1845ರಲ್ಲಿ ಇಂದಿನ ಉಕ್ರೇನಿನ ಖಾರ್ಕಿವ್ ಬಳಿ ಹುಟ್ಟಿದ ಮೆಚ್ನಿಕಾಫ್ ಒಡೆಸ್ಸಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1882ರಲ್ಲಿ ಆ ಕೆಲಸ ಬಿಟ್ಟು ಇಟಲಿಯ ಕಡಲತೀರದ ಊರಾದ ಮೆಸ್ಸಿನಾಕ್ಕೆ ಹೋದರು. ಅಲ್ಲಿನ ನಕ್ಷತ್ರಮೀನಿನ ಮರಿಗಳು ನೀರಿನಷ್ಟೇ ಪಾರದರ್ಶಕ. ಮೈಯೊಳಗೆ ಕೆಲವು ಜೀವಕೋಶಗಳು ತೆವಳುವುದು ಸೂಕ್ಷ್ಮದರ್ಶಕದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡಲು ಹೋಗಿದ್ದಾಗ ಅವರಿಗೊಂದು ಯೋಚನೆ ಹೊಳೆಯಿತು. ಈ ಜೀವಕೋಶಗಳು ಶತ್ರುವನ್ನು ಎದುರಿಸುವುದು ನಿಜವಾದರೆ, ಮುಳ್ಳು ಚುಚ್ಚಿದ ಕಡೆಗೆ ಧಾವಿಸಬೇಕಲ್ಲವೇ? ಕೈತೋಟದಿಂದ ಮುಳ್ಳು ತಂದು ಮರಿಗಳ ಚರ್ಮದಡಿ ಚುಚ್ಚಿದರು. ಆ ರಾತ್ರಿ ಅವರಿಗೆ ನಿದ್ದೆ ಬರಲಿಲ್ಲ. ಬೆಳಗ್ಗೆ ನೋಡಿದರೆ ಜೀವಕೋಶಗಳು ಮುಳ್ಳನ್ನು ಮುತ್ತಿದ್ದವು! ರಕ್ತನಾಳವೇ ಇಲ್ಲದ ಜೀವಿಯಲ್ಲೂ ಕಾವಲು ಇತ್ತು.

ಇವುಗಳಿಗೆ ಭಕ್ಷಕಕೋಶಗಳು ಎಂಬ ಹೆಸರು ಬಂತು. ರಕ್ಷಣೆ ಇರುವುದು ರಕ್ತದ ದ್ರವದಲ್ಲಿ, ಕಣಗಳಲ್ಲಲ್ಲ ಎಂದು ಜರ್ಮನಿಯ ವಿಜ್ಞಾನಿಗಳು ವರ್ಷಗಟ್ಟಲೆ ವಾದಿಸಿದರು. 1888ರಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್ ಒಂದೊಂದು ಆಕ್ಷೇಪಕ್ಕೂ ಹೊಸ ಪ್ರಯೋಗದಿಂದ ಉತ್ತರಿಸಿದರು. ಎರಡೂ ಸರಿ ಎಂಬುದು ಆಮೇಲೆ ತಿಳಿಯಿತು. 1908ರ ನೊಬೆಲ್ ಬಹುಮಾನವನ್ನು ಅವರಿಗೂ ದ್ರವದ ಪಕ್ಷದ ಪಾಲ್ ಎರ್ಲಿಕ್ ಅವರಿಗೂ ಹಂಚಿ ಕೊಡಲಾಯಿತು. ಮೆಚ್ನಿಕಾಫ್ 1916ರಲ್ಲಿ ತೀರಿಕೊಂಡರು.

ಕಾಂಡ್ಲಾ, ಸುರಹೊನ್ನೆಯಂಥ ಕರಾವಳಿ ಗಿಡಮರಗಳ ಸಾರವನ್ನು ಪರೀಕ್ಷಿಸುವವರು ಇಂದೂ ಅವರ ದಾರಿಯನ್ನೇ ಹಿಡಿಯುತ್ತಾರೆ. ಎಲೆಯನ್ನು ಒಣಗಿಸಿ, ಪುಡಿಮಾಡಿ, ಆಲ್ಕೊಹಾಲಿನಲ್ಲಿ ನೆನೆಸಿ ಸಾರ ತೆಗೆಯುತ್ತಾರೆ. ಅದನ್ನು ಭಕ್ಷಕಕೋಶಗಳಿರುವ ತಟ್ಟೆಗೆ ಬೆರೆಸಿ, ಯೀಸ್ಟ್ ಹಾಕಿ, ಎಷ್ಟು ನುಂಗಿದವು ಎಂದು ಎಣಿಸುತ್ತಾರೆ. ಸಾರ ಹಾಕದ ಇನ್ನೊಂದು ತಟ್ಟೆ ಪಕ್ಕದಲ್ಲಿರದಿದ್ದರೆ ಈ ಎಣಿಕೆಗೆ ಬೆಲೆಯಿಲ್ಲ. ಹೆಚ್ಚು ನುಂಗಿದ ಮಾತ್ರಕ್ಕೆ ಔಷಧಿ ಸಿಕ್ಕಿತೆಂದೂ ಅಲ್ಲ. ತಟ್ಟೆಯಲ್ಲಿ ನಡೆದದ್ದು ಮನುಷ್ಯರ ಮೈಯಲ್ಲಿ ನಡೆಯದಿರಬಹುದು.

ಅಂಗಡಿಯ ಡಬ್ಬಿಗಳ ಮೇಲೆ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಆದರೆ ಕಾವಲುಗಾರರು ಅತಿ ಚುರುಕಾದರೂ ತೊಂದರೆಯೇ. ಸೋರಿಯಾಸಿಸ್ ಎಂಬ ಚರ್ಮರೋಗದಲ್ಲಿ ಆಗುವುದು ಅದೇ. ಬೊಮ್ಮಸಂದ್ರದಲ್ಲಿ ಘಟಕವಿರುವ ಬಯೋಕಾನ್ ಕಂಪನಿ 2013ರಲ್ಲಿ ಈ ರೋಗಕ್ಕೆ ಹೊರತಂದ ಇಟೊಲಿಜುಮ್ಯಾಬ್, ಟಿ-ಕೋಶಗಳೆಂಬ ಇನ್ನೊಂದು ಬಗೆಯ ಕಾವಲುಗಾರರನ್ನು ಹುರಿದುಂಬಿಸುವುದಿಲ್ಲ, ತಣ್ಣಗಾಗಿಸುತ್ತದೆ.