ಬಂದೂಕು ನಮ್ಮದು, ಗುಂಡು ಯಾರದು?

ನಂಜನಗೂಡಿನ ಕಡೆಯವರಿಗೆ ಪಚ್ಚೆ ಲಿಂಗದ ಕತೆ ಹೇಳಿಕೊಡಬೇಕಿಲ್ಲ. ಟಿಪ್ಪು ಸುಲ್ತಾನನ ಪಟ್ಟದಾನೆಗೆ ಕಣ್ಣು ಹೋಗಿತ್ತಂತೆ, ನಂಜುಂಡೇಶ್ವರನಿಗೆ ಹರಕೆ ಹೊತ್ತ ಮೇಲೆ ವಾಸಿಯಾಯ್ತಂತೆ, ಸುಲ್ತಾನ ಪಚ್ಚೆ ಲಿಂಗ ಕೊಟ್ಟು ದೇವರನ್ನು ಹಕೀಂ ನಂಜುಂಡ ಅಂತ ಕರೆದನಂತೆ. ಪ್ರತಿ ನವೆಂಬರ್‌ನಲ್ಲಿ ಟಿಪ್ಪು ಜಗಳ ಶುರುವಾದಾಗ ಒಂದು ಕಡೆಯವರು ಈ ಕತೆ ತರುತ್ತಾರೆ, ಇನ್ನೊಂದು ಕಡೆಯವರು ಕೊಡಗನ್ನು ತರುತ್ತಾರೆ. ಮೆಕ್ಯಾನಿಕಲ್ ಓದಿ ಪತ್ರಕರ್ತನಾದ ನನಗೆ ಮಾತ್ರ ಬೇರೊಂದು ಪ್ರಶ್ನೆ ಕಾಡುತ್ತೆ: ಅವನ ಸಿಪಾಯಿಗಳ ಬಂದೂಕಿಗೆ ಗುಂಡು ಎಲ್ಲಿಂದ ಬರುತ್ತಿತ್ತು?

ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ ಆ ಕಾಲದ ಯುದ್ಧವೆಲ್ಲ ನಿಂತಿದ್ದು ಇದರ ಮೇಲೇ. ಇಂಗ್ಲಿಷರ ಬಂದೂಕಿನ ನಳಿಕೆ ಸುಮಾರು 19 ಮಿಲಿಮೀಟರ್ ಅಗಲ, ಫ್ರೆಂಚರದ್ದು ಸುಮಾರು 17.5. ಇಂಗ್ಲಿಷ್ ಸೀಸದ ಗುಂಡೂ ಹೆಚ್ಚುಕಡಿಮೆ 17.5 ಮಿಲಿಮೀಟರ್. ಅಂದರೆ ಫ್ರೆಂಚ್ ಗುಂಡು ಇಂಗ್ಲಿಷ್ ಬಂದೂಕಿನಲ್ಲಿ ಗಡಗಡ ಅಂತಾದರೂ ಹೋಗಿ ಹಾರುತ್ತೆ, ಗುರಿ ಕೆಡುತ್ತೆ ಅಷ್ಟೇ. ಇಂಗ್ಲಿಷ್ ಗುಂಡು ಫ್ರೆಂಚ್ ನಳಿಕೆಯೊಳಗೆ ಇಳಿಯೋದೇ ಇಲ್ಲ. ಶತ್ರುವಿನಿಂದ ಕಿತ್ತುಕೊಂಡದ್ದು, ಫ್ರೆಂಚರಿಂದ ಕೊಂಡದ್ದು, ತಾನೇ ಮಾಡಿಸಿದ್ದು, ಮೂರೂ ಬಗೆಯ ಬಂದೂಕು ಒಂದೇ ಸೈನ್ಯದಲ್ಲಿದ್ದರೆ ಗುಂಡಿನ ಲೆಕ್ಕ ಇಡುವವನ ಪಾಡು ಏನು, ಯೋಚಿಸಿ.

ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, ಅಪ್ಪ ಹೈದರಾಲಿಯ ಸೈನ್ಯದಲ್ಲೇ ಈ ಪಾಠ ಕಲಿತ. 1780ರ ಸೆಪ್ಟೆಂಬರ್‌ನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಪಡೆಯನ್ನು ಮೈಸೂರಿನವರು ಸುತ್ತುವರಿದರು. ಇಂಗ್ಲಿಷರ ಮದ್ದುಗುಂಡಿನ ಬಂಡಿಗಳು ಸಿಡಿದುಹೋದವು, ಅಲ್ಲಿಗೆ ಅವರ ಕತೆ ಮುಗಿಯಿತು. ಕೈಯಲ್ಲಿ ಬಂದೂಕು ಇದ್ದೇ ಇತ್ತು, ತುಂಬೋಕೆ ಮದ್ದು ಇರಲಿಲ್ಲ.

1782ರ ಕೊನೆಗೆ ಹೈದರ್ ತೀರಿಕೊಂಡು ಪಟ್ಟಕ್ಕೆ ಬಂದ ಟಿಪ್ಪು, ಹೊರಗಿನಿಂದ ಬಂದೂಕು ತರಿಸುವುದಕ್ಕಿಂತ ಅದನ್ನು ಮಾಡುವವರನ್ನು ಕರೆಸುವುದರ ಹಿಂದೆ ಬಿದ್ದ. ಇಸ್ತಾಂಬುಲ್‌ಗೆ ರಾಯಭಾರಿಗಳನ್ನು ಕಳಿಸಿದ. 1788ರಲ್ಲಿ ಅವನ ಮೂವರು ರಾಯಭಾರಿಗಳು ವರ್ಸೇಲ್ಸ್‌ನಲ್ಲಿ ಹದಿನಾರನೇ ಲೂಯಿಯ ಮುಂದೆ ನಿಂತರು. ಸೈನಿಕ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಕೇಳಿದರು. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರದಲ್ಲಿ ಕಾರ್ಖಾನೆಗಳು ನಡೆದವು. ಅಲ್ಲಿಂದ ಬಂದ ಬಂದೂಕುಗಳ ಮೇಲೆ ಹುಲಿಪಟ್ಟೆ, ಊರಿನ ಹೆಸರು, ಇಸವಿ ಕೆತ್ತಿರುವುದನ್ನು ಇವತ್ತೂ ನೋಡಬಹುದು.

ಇನ್ನು ರಾಕೆಟ್. ನಾವೆಲ್ಲ ಅದನ್ನು ಹೆಮ್ಮೆಯ ವಿಷಯ ಮಾಡಿಕೊಂಡಿದ್ದೇವೆ, ನನಗೆ ಅದು ಖರ್ಚಿನ ಲೆಕ್ಕವಾಗಿ ಕಾಣುತ್ತೆ. ರಾಕೆಟ್‌ಗೆ ಅಳತೆ ಹೊಂದಬೇಕಾದ ನಳಿಕೆಯೇ ಬೇಡ. ಸ್ಥಳೀಯ ಕಬ್ಬಿಣದ ಕೊಳವೆ, ಪೆಟ್ಲುಪ್ಪು, ಇದ್ದಿಲು, ಗಂಧಕ, ಒಂದು ಬಿದಿರ ಗಳು, ಅಷ್ಟು ಸಾಕು. ಗುರಿ ನೆಚ್ಚುವಂಥದ್ದಲ್ಲ ನಿಜ, ಆದರೆ ಯಾವ ದೇಶದ ಅಚ್ಚಿನ ಗುಂಡಿಗೂ ಕಾಯಬೇಕಿಲ್ಲ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಹಾಳುಬಾವಿಯೊಂದರಿಂದ ತುಕ್ಕು ಹಿಡಿದ ಸಾವಿರ ರಾಕೆಟ್ ಹೊರತೆಗೆದರಲ್ಲ, ಅದು ಈ ಲೆಕ್ಕದ ಉಳಿಕೆ.

ಆದರೆ ಮದ್ದುಗುಂಡು ಅಂದರೆ ಬರೀ ಕಬ್ಬಿಣ, ಸೀಸ ಅಲ್ಲ. ಅದನ್ನು ಹೊರುವ ಎತ್ತು, ಎತ್ತಿಗೆ ಮೇವು, ದಾರಿ ಬಿಡುವ ಜನ, ಎಲ್ಲವೂ ಸೇರಿ ಮದ್ದುಗುಂಡು. ಟಿಪ್ಪುವಿಗೆ ಎತ್ತಿನ ಬೆಲೆ ಗೊತ್ತಿತ್ತು. ಅಮೃತಮಹಲ್ ತಳಿಯ ಹೆಸರೇ ಅವನ ಕಾಲದ್ದು. ಜನರ ವಿಷಯದಲ್ಲಿ ಎಡವಿದ. ಕೊಡಗಿನಿಂದ ಸಾವಿರಾರು ಜನರನ್ನು ಹಿಡಿದು ತಂದದ್ದು, ಬಲವಂತದ ಮತಾಂತರ, ಇದನ್ನು ಮುಚ್ಚಿಟ್ಟು ಅವನ ಚರಿತ್ರೆ ಬರೆಯೋಕಾಗಲ್ಲ. ಅದರ ಬೆಲೆಯನ್ನು ಅವನು ಯುದ್ಧದಲ್ಲೂ ತೆತ್ತ. ಮುಂಬೈಯಿಂದ ಬಂದ ಇಂಗ್ಲಿಷ್ ಸೈನ್ಯಕ್ಕೆ ದಾರಿ, ದವಸ, ಎತ್ತು ಒದಗಿಸಿದವನು ಕೊಡಗಿನ ದೊಡ್ಡ ವೀರರಾಜೇಂದ್ರನೇ.

1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾಳಾದರು. 1798ರಲ್ಲಿ ಫ್ರೆಂಚರ ಮಾರಿಷಸ್‌ನಿಂದ ಬಂದ ನೆರವು ನೂರರ ಆಸುಪಾಸು ಜನ.

ಕಳೆದ ಬೇಸಿಗೆಯಲ್ಲಿ ನಂಜನಗೂಡಿನಿಂದ ಬೈಕ್ ಹತ್ತಿ, ಸುತ್ತೂರು ಹಾದು ತಿ. ನರಸೀಪುರಕ್ಕೆ ಹೋಗಿ, ಕಪಿಲೆ ಕಾವೇರಿಗೆ ಸೇರುವ ಜಾಗ ನೋಡಿಕೊಂಡು ಸೋಸಲೆಗೆ ಹೋದೆ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವನ್ನು ಹಿಮ್ಮೆಟ್ಟಿಸಿದ ಜನರಲ್ ಹ್ಯಾರಿಸ್, ಆಮೇಲೆ ಕಾವೇರಿ ದಾಟಿದ್ದು ಇಲ್ಲೇ. ಅಷ್ಟರಲ್ಲಿ ಅವನ ಎತ್ತುಗಳು ದಾರಿಯುದ್ದಕ್ಕೂ ಸತ್ತು ಬೀಳುತ್ತಿದ್ದವು, ಮದ್ದುಗುಂಡು ದಾರಿಯಲ್ಲೇ ಹಾಳಾಗುತ್ತಿತ್ತು. ಅವನು ಬರಬಹುದೆಂದುಕೊಂಡ ಹಾದಿಯ ಮೇವನ್ನೆಲ್ಲ ಟಿಪ್ಪು ಸುಡಿಸಿದ್ದ. ಸೋಸಲೆಯ ಕಡೆ ಮಾತ್ರ ಸುಡಿಸಿರಲಿಲ್ಲ, ಇಲ್ಲಿ ನದಿ ದಾಟುತ್ತಾರೆ ಅಂತ ಅವನು ಎಣಿಸಿರಲಿಲ್ಲ. ದಾಟಿದವರಿಗೆ ಹಸಿರು ಮೇವು ಸಿಕ್ಕಿತು, ದನ ಸಿಕ್ಕಿತು. ಫಿರಂಗಿಗಳು ಕೋಟೆ ಮುಟ್ಟಿದವು.

ಮೇ 2ರಂದು ಕೋಟೆಯೊಳಗಿನ ರಾಕೆಟ್ ದಾಸ್ತಾನಿಗೆ ಗುಂಡು ಬಿದ್ದು ಸಿಡಿಯಿತು. ಮೇ 4ರಂದು ಕೋಟೆ ಬಿತ್ತು, ಟಿಪ್ಪು ಹೋರಾಡುತ್ತಲೇ ಸತ್ತ. ಗೆದ್ದವರು ಎಣಿಸಿದಾಗ ಒಳಗೆ 929 ಫಿರಂಗಿ, ಸುಮಾರು 99,000 ಬಂದೂಕು ಇದ್ದವು. ಅಲ್ಲಿಂದ ಹೋದ ರಾಕೆಟ್‌ಗಳನ್ನು ನೋಡಿ ವಿಲಿಯಂ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ತನ್ನ ರಾಕೆಟ್ ಮಾಡಿದ. ಅಂದರೆ ಟಿಪ್ಪು ಸೋತಿದ್ದು ಬಂದೂಕು ಸಾಲದೆ ಅಲ್ಲ. ಕಾರ್ಖಾನೆಯನ್ನು ಕಟ್ಟಿದ, ಆದರೆ ಅಕ್ಕಪಕ್ಕದವರನ್ನು ತನ್ನವರನ್ನಾಗಿ ಉಳಿಸಿಕೊಳ್ಳಲಿಲ್ಲ.

ಇವತ್ತಿಗೂ ನಮ್ಮ ಸೈನ್ಯದಲ್ಲಿ ಇನ್ಸಾಸ್‌ಗೆ ಒಂದು ಅಳತೆಯ ಗುಂಡು, ಅಮೆರಿಕದಿಂದ ತಂದ ಸಿಗ್ ರೈಫಲ್‌ಗೆ ಇನ್ನೊಂದು, ರಷ್ಯಾದ ವಿನ್ಯಾಸವನ್ನು ಅಮೇಠಿಯಲ್ಲಿ ತಯಾರಿಸುವ ಎಕೆ-203ಕ್ಕೆ ಮತ್ತೊಂದು. ಹೊಸ ಬಂದೂಕಿನ ಫೋಟೊ ಟೈಮ್‌ಲೈನ್‌ನಲ್ಲಿ ಬಂದಾಗ ನಾವು ಲೈಕ್ ಒತ್ತುತ್ತೇವೆ. ಗುಂಡು ಯಾರು ಮಾಡುತ್ತಾರೆ, ಎಷ್ಟು ಬೀಳುತ್ತೆ, ಅದು ಬರುವ ದಾರಿಯಲ್ಲಿರುವವರು ನಮ್ಮ ಜೊತೆಗಿದ್ದಾರಾ, ಇದನ್ನೂ ಒಂದು ಸಲ ಕೇಳಿ. ಸೋಸಲೆಯ ಹೊಳೆದಂಡೆಯಲ್ಲಿ ಎತ್ತುಗಳು ಈಗಲೂ ಮೇಯುತ್ತಿರುತ್ತವೆ.