ಡೆಟ್‌ಫರ್ಡಿನ ಶಿಶುತೋಟ: ಕುಮಾರಿ ಮಾರ್ಗರೆಟ್ ಮ್ಯಾಕ್‌ಮಿಲನ್

ಉದ್ಯೋಗಕ್ಕೆ ತೆರಳುವ ತಾಯಿಯು ತನ್ನ ಹಸುಗೂಸನ್ನು ಯಾರ ವಶಕ್ಕೆ ಒಪ್ಪಿಸಿ ಹೋಗಬೇಕೆಂಬುದು ಈಗ ನಮ್ಮ ಪಟ್ಟಣಗಳಲ್ಲಿ ಮನೆಮನೆಯ ಪ್ರಶ್ನೆಯಾಗಿರುವುದು. ಅಜ್ಜಿಯಿಲ್ಲದ ಮನೆಗಳು ಹೆಚ್ಚಿವೆ. ಶಿಶುವಿಹಾರಗಳ ಫಲಕಗಳೂ ಅದರಂತೆಯೇ ಹೆಚ್ಚಿವೆ. ಫಲಕದ ಬಣ್ಣವನ್ನೂ ಶುಲ್ಕದ ಮೊತ್ತವನ್ನೂ ನೋಡಿ ಕೂಸನ್ನು ಬಿಟ್ಟುಬರುವ ಸುಶಿಕ್ಷಿತರನ್ನು ನಾವು ಬಲ್ಲೆವು. ಮನೆಯನ್ನು ಬಾಡಿಗೆಗೆ ಹಿಡಿಯುವಾಗ ಬಚ್ಚಲನ್ನು ಇಣಿಕಿ ನೋಡುವವರು, ಮಗುವನ್ನು ಬಿಡುವಾಗ ಅಷ್ಟನ್ನೂ ನೋಡುವುದಿಲ್ಲ. ಬಚ್ಚಲಿನ ಮಾತನ್ನು ನಾವು ವಿನೋದಕ್ಕಾಗಿ ಎತ್ತಿಲ್ಲ. ಎಳೆಯ ಮಕ್ಕಳ ಶಾಲೆಯ ಯೋಗ್ಯತೆಯನ್ನು ಮೊದಲು ಅದರ ಸ್ನಾನಗೃಹದಲ್ಲಿ ಅಳೆಯಬೇಕೆಂದು ತನ್ನ ಜೀವಮಾನದ ಕೆಲಸದಿಂದ ತೋರಿಸಿಕೊಟ್ಟ ಓರ್ವ ಮಹಿಳೆಯ ಚರಿತ್ರೆಯನ್ನು ಇಂದು ವಾಚಕರ ಮುಂದಿಡುತ್ತೇವೆ.

ಮಾರ್ಗರೆಟ್ ಮ್ಯಾಕ್‌ಮಿಲನ್ನಳು 1860ನೆಯ ಇಸವಿ ಜುಲೈ 20ರಂದು ಅಮೇರಿಕೆಯ ನ್ಯೂಯಾರ್ಕ್ ಪ್ರಾಂತದಲ್ಲಿ ಜನಿಸಿದಳು. ತಂದೆತಾಯಿಗಳು ಸ್ಕಾಟ್ಲೆಂಡಿನ ಇನ್ವರ್ನೆಸ್ ಸೀಮೆಯಿಂದ ವಲಸೆ ಹೋದವರು. 1865ರಲ್ಲಿ ಜ್ವರದ ಉಪದ್ರವವು ಆ ಮನೆಯನ್ನು ಹೊಕ್ಕು ತಂದೆಯನ್ನೂ ಓರ್ವ ತಂಗಿಯನ್ನೂ ಒಯ್ದಿತು. ಮಾರ್ಗರೆಟ್ಟಳು ಬದುಕಿಕೊಂಡರೂ ಕಿವುಡಿಯಾದಳು. ವಿಧವೆಯಾದ ತಾಯಿಯು ಇಬ್ಬರು ಹೆಣ್ಣುಮಕ್ಕಳೊಡನೆ ಇನ್ವರ್ನೆಸ್ಸಿಗೆ ಮರಳಿದಳು. ಹದಿನಾಲ್ಕನೆಯ ವಯಸ್ಸಿನಲ್ಲಿ ಹುಡುಗಿಗೆ ಶ್ರವಣಶಕ್ತಿಯು ತಿರುಗಿ ಬಂದಿತು. ಇಂದ್ರಿಯಗಳ ಶಿಕ್ಷಣವೇ ಶೈಶವದ ಮುಖ್ಯ ಶಿಕ್ಷಣವೆಂದು ಈಕೆಯು ಮುಂದೆ ಸೆಗ್ವಾನೆಂಬ ಫ್ರೆಂಚ್ ವೈದ್ಯನ ಗ್ರಂಥಗಳಿಂದ ಕಲಿತಳೆಂದು ಹೇಳುವರು. ಎಂಟು ಒಂಬತ್ತು ವರ್ಷ ನಿಶ್ಶಬ್ದದಲ್ಲಿ ಬೆಳೆದವಳಿಗೆ ಅದನ್ನು ಕಲಿಯಲು ಗ್ರಂಥವೇ ಬೇಕಾಗಿತ್ತೆಂದು ನಮಗೆ ತೋರುವುದಿಲ್ಲ.

ಯೌವನದಲ್ಲಿ ಆಕೆಯು ಶ್ರೀಮಂತರ ಮನೆಗಳಲ್ಲಿ ಮಕ್ಕಳ ಶಿಕ್ಷಕಿಯಾಗಿದ್ದಳು. ಲಂಡನ್ನಿನ ಓರ್ವ ಧನಿಕ ಮಹಿಳೆಯು ಆಕೆಯ ಕಂಠಕ್ಕೆ ಮೆಚ್ಚಿ, ರಂಗಭೂಮಿಗಾಗಿ ತನ್ನ ವೆಚ್ಚದಿಂದ ಶಿಕ್ಷಣ ಕೊಡಿಸಿದಳು. ಆದರೆ ಆ ಕಂಠವು 1892ರ ಮೇ ದಿನದಂದು ಹೈಡ್ ಪಾರ್ಕಿನಲ್ಲಿ ಕೂಲಿಕಾರರ ಪಕ್ಷವಾಗಿ ಮಾತನಾಡಿತು, ಆಶ್ರಯವು ತಪ್ಪಿತು. ಅಕ್ಕ ರೇಚಲ್ಲಳು ಇದಕ್ಕೆ ಮೊದಲೇ ಸಮಾಜವಾದಿಯಾಗಿದ್ದಳು. ಮರುವರ್ಷ ಅಕ್ಕತಂಗಿಯರು ಉಣ್ಣೆಯ ಗಿರಣಿಗಳ ಊರಾದ ಬ್ರಾಡ್‌ಫರ್ಡಿಗೆ ಹೋಗಿ ನೆಲೆಸಿದರು.

1894ರಲ್ಲಿ ಮಾರ್ಗರೆಟ್ಟಳು ಅಲ್ಲಿಯ ಶಾಲಾಮಂಡಲಿಗೆ ಚುನಾಯಿತಳಾದಳು. ಸದಸ್ಯಳಾದವಳು ಶಾಲೆಗಳನ್ನು ಕಣ್ಣಾರೆ ನೋಡಹೊರಟಳು. ಚಳಿಗಾಲದ ಆರಂಭದಲ್ಲಿ ಮೈಮೇಲೆ ಹೊಲಿದ ಬಟ್ಟೆಯನ್ನು ವಸಂತದವರೆಗೆ ಬಿಚ್ಚದ ಮಕ್ಕಳಿದ್ದರು. ಅರ್ಧದಿನ ಗಿರಣಿಯಲ್ಲಿ ದುಡಿದು ಉಳಿದರ್ಧದಲ್ಲಿ ಪಾಠಕ್ಕೆ ಬಂದು ತೂಕಡಿಸುವವರಿದ್ದರು. ಸಮುದ್ರಗಳನ್ನೆಲ್ಲ ಆಳುತ್ತಿದ್ದ ರಾಜ್ಯದ ಒಳಮನೆಯ ಸ್ಥಿತಿಯು ಇದು! ಈಕೆಯ ಹಟದ ಫಲವಾಗಿ 1897ರಲ್ಲಿ ಬ್ರಾಡ್‌ಫರ್ಡಿನ ಶಾಲೆಯೊಂದರಲ್ಲಿ ಮಕ್ಕಳಿಗಾಗಿ ಸ್ನಾನಗೃಹವು ನಿರ್ಮಿತವಾಯಿತು. ಡಾಕ್ಟರ್ ಜೇಮ್ಸ್ ಕೆರ್ ಎಂಬ ವೈದ್ಯಾಧಿಕಾರಿಯ ಸಹಾಯದಿಂದ ಶಾಲಾಮಕ್ಕಳ ವೈದ್ಯಪರೀಕ್ಷೆಯೂ ನಡೆಯಿತು. ಓದುಬರಹ ಕಲಿಸಬೇಕಾದ ಮಂಡಲಿಯು ಮೈತೊಳೆಯುವುದೇಕೆಂದು ಕರ ಕೊಡುವವರು ಗೊಣಗಿದರು. ಅಂಥ ಗೊಣಗಾಟವು ಎಲ್ಲ ದೇಶಗಳ ಪುರಸಭೆಗಳಲ್ಲಿಯೂ ಒಂದೇ ರಾಗದಲ್ಲಿರುವುದು.

1902ರ ವಿದ್ಯಾಶಾಸನವು ಶಾಲಾಮಂಡಲಿಗಳನ್ನು ರದ್ದುಗೊಳಿಸಿತು. ಅವುಗಳ ಸ್ಥಾನದಲ್ಲಿ ಅಧಿಕಾರ ವಹಿಸಿದ ಸಭೆಗಳಿಗೆ ಸ್ತ್ರೀಯರು ಚುನಾಯಿತರಾಗುವಂತಿರಲಿಲ್ಲ. ಪದವಿಯನ್ನು ಕಳೆದುಕೊಂಡ ಮಾರ್ಗರೆಟ್ಟಳು ಅಕ್ಕನ ಬಳಿಗೆ ಬಂದು ಸೇರಿದಳು. ರೇಚಲ್ಲಳು ಆಗ ಕೆಂಟ್ ಪ್ರಾಂತದಲ್ಲಿ ಆರೋಗ್ಯಶಾಸ್ತ್ರವನ್ನು ಬೋಧಿಸುತ್ತಿದ್ದಳು. ತಂಗಿಯ ಕಾರ್ಯಕ್ಕೆ ಅನೇಕ ವರ್ಷಗಳವರೆಗೆ ಅವಳ ಸಂಬಳವೇ ಆಧಾರವಾಗಿದ್ದಿತು. ಈ ನಡುವೆ ಬೋಯರ್ ಯುದ್ಧಕ್ಕೆ ಸೇರಬಂದ ತರುಣರಲ್ಲಿ ಅನೇಕರು ದುರ್ಬಲರೆಂದು ತಿರಸ್ಕೃತರಾಗಿದ್ದರು. ಸೈನ್ಯದ ಚಿಂತೆಯು ಹುಟ್ಟಿದ ಮೇಲೆ ಸರಕಾರಕ್ಕೆ ಮಕ್ಕಳ ಚಿಂತೆಯೂ ಹುಟ್ಟಿತು. 1906ರಲ್ಲಿ ಶಾಲೆಯ ಊಟದ ಶಾಸನ, 1907ರಲ್ಲಿ ವೈದ್ಯಪರೀಕ್ಷೆಯ ಶಾಸನಗಳಾದವು. ಎರಡಕ್ಕಾಗಿಯೂ ಮಾರ್ಗರೆಟ್ಟಳು ಬಹುಕಾಲ ಲೇಖನ ಭಾಷಣಗಳಿಂದ ಹೋರಾಡಿದ್ದಳು.

ಪರೀಕ್ಷಿಸಿ ರೋಗವನ್ನು ಬರೆದಿಟ್ಟರೆ ಸಾಲದು, ಚಿಕಿತ್ಸೆಯೂ ಬೇಕೆಂದು ಸೋದರಿಯರು 1908ರಲ್ಲಿ ಲಂಡನ್ನಿನ ಬೋ ಭಾಗದಲ್ಲಿಯೂ 1910ರಲ್ಲಿ ಥೇಮ್ಸ್ ದಂಡೆಯ ಡೆಟ್‌ಫರ್ಡಿನಲ್ಲಿಯೂ ಮಕ್ಕಳ ಚಿಕಿತ್ಸಾಲಯಗಳನ್ನು ನಡೆಸಿದರು. ದ್ರವ್ಯಾನುಕೂಲವು ಜೋಸೆಫ್ ಫೆಲ್ಸ್ ಎಂಬ ಸಾಬೂನು ವರ್ತಕನದು. ಇಲ್ಲಿ ಆಕೆಯು ಕಂಡ ಸಂಗತಿಯೇ ಮುಂದಿನ ಎಲ್ಲ ಕಾರ್ಯಕ್ಕೂ ಬೀಜವಾಯಿತು. ಕಜ್ಜಿ, ಕಣ್ಣುಬೇನೆ, ಕಿವಿಸೋರಿಕೆಗಳು ಗುಣವಾಗಿ ಹೋದ ಮಗುವು ಕೆಲವು ವಾರಗಳಲ್ಲಿ ಅದೇ ರೋಗದೊಡನೆ ಅದೇ ಬಾಗಿಲಿಗೆ ಬರುತ್ತಿದ್ದಿತು. ರೋಗವಿದ್ದುದು ಮಗುವಿನಲ್ಲಲ್ಲ, ಮಗುವು ಮಲಗುವ ಕೋಣೆಯಲ್ಲಿ. ಹುಟ್ಟುವಾಗ ಗಟ್ಟಿಮುಟ್ಟಾಗಿದ್ದ ಮಕ್ಕಳು ಐದನೆಯ ವರ್ಷದಲ್ಲಿ ಶಾಲೆಯ ಮೆಟ್ಟಿಲನ್ನು ಹತ್ತುವ ಹೊತ್ತಿಗೇ ಹಾಳಾಗಿರುತ್ತಿದ್ದರು. ಹಾಗಾದರೆ ಹಿಡಿಯಬೇಕಾದುದು ಆ ಮೊದಲ ಐದು ವರ್ಷಗಳನ್ನು. 1911ರಲ್ಲಿ ಹಿತ್ತಲಲ್ಲಿ ಬಡ ಹುಡುಗಿಯರಿಗಾಗಿ ಬಯಲ ನಿದ್ರಾಶಿಬಿರವನ್ನು ಹೂಡಿ, ಬಿಸಿನೀರು ಮತ್ತು ತೆರೆದ ಗಾಳಿಗಳ ಪ್ರಭಾವವನ್ನು ಪ್ರತ್ಯಕ್ಷ ಮಾಡಿಕೊಂಡ ಮೇಲೆ, 1914ರಲ್ಲಿ ಶಿಶುಗಳ ಬಯಲು ಶಾಲೆಯನ್ನು ತೆರೆದರು. ಕೆಲವೇ ವಾರಗಳಲ್ಲಿ ಮೂವತ್ತು ಮಕ್ಕಳಾದರು. ಅತಿ ಕಿರಿಯದಕ್ಕೆ ಹದಿನೆಂಟು ತಿಂಗಳು. ಮೊದಲ ಆರು ತಿಂಗಳುಗಳಲ್ಲಿ ಕಾಯಿಲೆ ಬಿದ್ದುದು ಒಂದೇ ಮಗುವೆಂದು ರೇಚಲ್ಲಳು ಹೆಮ್ಮೆಯಿಂದ ಲೆಕ್ಕ ಕೊಟ್ಟಳು.

ಈ ಶಾಲೆಯೊಳಗೆ ವಾಚಕರನ್ನು ಒಮ್ಮೆ ಕರೆದೊಯ್ಯಬೇಕೆಂದು ನಮಗೆ ಆಸೆ. ಅಲ್ಲಿ ಮುಖ್ಯವಾದುದು ಕಟ್ಟಡವಲ್ಲ, ತೋಟ. ಒಂದು ಮಗ್ಗುಲು ತೋಟಕ್ಕೆ ತೆರೆದ ತಗ್ಗಾದ ಛಾವಣಿಗಳು. ಒಂದೊಂದಕ್ಕೂ ಪ್ರತ್ಯೇಕ ಸ್ನಾನದ ಕೋಣೆ. ಬೆಳಿಗ್ಗೆ ಬಂದ ಮಗುವಿಗೆ ಮೊದಲು ಸ್ನಾನ, ಒಗೆದ ಅಂಗಿ, ಬಳಿಕ ಆಹಾರ. ದಿನಕ್ಕೆ ಮೂರು ಊಟ, ನಡುಹಗಲಿನಲ್ಲಿ ನಿದ್ರೆ. ತೋಟದಲ್ಲಿ ಹೂವು ತರಕಾರಿಗಳಲ್ಲದೆ ಮುಟ್ಟಿ ಮೂಸಿ ನೋಡುವುದಕ್ಕೆ ಸುಗಂಧದ ಗಿಡಗಳು, ಹತ್ತಿಳಿಯಲು ಮೆಟ್ಟಿಲು, ಕಲ್ಲು, ನೀರು. ಇಷ್ಟೇ ಅಲ್ಲ, ಹಳೆಯ ಮುರುಕುಗಳನ್ನು ರಾಶಿ ಹಾಕಿದ ಒಂದು ಮೂಲೆಯನ್ನೂ ಆಕೆಯು ಬುದ್ಧಿಪೂರ್ವಕವಾಗಿ ಇರಿಸಿದ್ದಳು. ಮಕ್ಕಳು ಬೆಲೆಬಾಳುವ ಆಟಿಕೆಯನ್ನು ಬಿಟ್ಟು ಡಬ್ಬಿಯ ಮುಚ್ಚಳಕ್ಕೆ ಓಡುವುದನ್ನು ಕಂಡವರಿಗೆ ಅದರ ಅರ್ಥವಾದೀತು. ಬಿಸಿಲಿಗೆ ಬಂದ ಮಕ್ಕಳ ಸೊಟ್ಟಗಾಲುಗಳು ನೆಟ್ಟಗಾಗುವುದನ್ನು ಡೆಟ್‌ಫರ್ಡಿನ ಜನರು ನೋಡಿದರು. ಎಲುಬು ಬಾಗುವ ಆ ರೋಗವು ನೇರಳಾತೀತ ಕಿರಣದಿಂದ ವಾಸಿಯಾಗುವುದೆಂದು ಬರ್ಲಿನ್ನಿನ ವೈದ್ಯ ಹುಲ್ಡ್‌ಷಿನ್‌ಸ್ಕಿಯು ಸಿದ್ಧಪಡಿಸಿದ್ದು 1919ರಲ್ಲಿ.

ಕೂಸುಗಳನ್ನು ನೋಡಿಕೊಳ್ಳಲು ಯಾವ ಆಳಾದರೂ ಸಾಕೆಂಬ ನಂಬಿಕೆಯು ಅಲ್ಲಿಯೂ ಇದ್ದಿತು. ಮಾರ್ಗರೆಟ್ಟಳು ಅದನ್ನು ತಲೆಕೆಳಗು ಮಾಡಿದಳು. ವಯಸ್ಸು ಕಿರಿದಾದಷ್ಟೂ ಉಪಾಧ್ಯಾಯಿನಿಯು ಹೆಚ್ಚು ಸಮರ್ಥಳಾಗಿರಬೇಕೆಂದೂ ಅವಳಿಗೆ ಮೂರು ವರ್ಷಗಳ ಶಿಕ್ಷಣವು ಬೇಕೆಂದೂ ಪಟ್ಟುಹಿಡಿದಳು. ಕಲಿಯಬಂದ ತರುಣಿಯರಿಗೆ ಮೊದಲು ಕೆಲವೇ ಮಕ್ಕಳನ್ನು ಒಪ್ಪಿಸುತ್ತಿದ್ದಳು. ಅವರ ಮೈತೊಳೆದು, ಉಣಿಸಿ, ಮಲಗಿಸಿ, ಅವರೊಡನೆ ಮಾತನಾಡುವುದೇ ಪಾಠ. ಆ ತರುಣಿಯರು ಅದೇ ಕೇರಿಯಲ್ಲಿ ವಾಸಿಸಬೇಕು, ಮಕ್ಕಳ ಮನೆಗಳಿಗೆ ಹೋಗಿಬರಬೇಕು. ತಾಯಂದಿರಿಗೆ ಶಾಲೆಯ ಬಾಗಿಲು ಸದಾ ತೆರೆದಿರುತ್ತಿದ್ದಿತು. ತಾಯಿಯನ್ನು ಗೇಟಿನ ಹೊರಗೇ ನಿಲ್ಲಿಸಿ ಮಗುವನ್ನು ಈಸಿಕೊಳ್ಳುವ ಶಿಶುವಿಹಾರದ ವಿಷಯದಲ್ಲಿ ನಮ್ಮ ನಗರದ ತಂದೆತಾಯಿಗಳು ಸಂಶಯಪಟ್ಟರೆ ಅದು ಅತಿಯಲ್ಲ. ನೋಡುವವಳು ಎಷ್ಟು ಕಲಿತವಳು, ಒಬ್ಬಳ ಪಾಲಿಗೆ ಎಷ್ಟು ಮಕ್ಕಳು, ಅವಳು ಆರು ತಿಂಗಳಿಗೊಮ್ಮೆ ಬದಲಾಗುವಳೋ ಎಂದು ಕೇಳುವುದೂ ಅಧಿಕಪ್ರಸಂಗವಾಗದು.

ಯುದ್ಧ ಬಂದಾಗ ಮದ್ದುಗುಂಡಿನ ಕಾರ್ಖಾನೆಗಳಿಗೆ ಹೆಂಗಸರು ಬೇಕಾದರು. ಆಗ ಸರಕಾರವು ಅಂಥ ತಾಯಂದಿರ ಮಕ್ಕಳಿಗಾಗಿ ತಲೆಗೆ ದಿನಕ್ಕೆ ಏಳು ಪೆನ್ಸಿನ ಸಹಾಯ ಕೊಟ್ಟಿತು. ಆದರೆ 1917ರ ಮಾರ್ಚ್ 25ರಂದು, ತನ್ನ ಹುಟ್ಟಿದ ದಿನವೇ, ರೇಚಲ್ಲಳು ತೀರಿಕೊಂಡಳು. ದುಡಿದು ದಣಿದಿದ್ದ ಅಕ್ಕನ ಹೆಸರನ್ನೇ ತಂಗಿಯು ಶಾಲೆಗೆ ಇಟ್ಟಳು. 1918ರ ಶಾಸನದಿಂದ ಶಿಶುಶಾಲೆಗಳನ್ನು ನಡೆಸಲು ಸ್ಥಳೀಯ ಅಧಿಕಾರಿಗಳಿಗೆ ಅಧಿಕಾರವು ದೊರೆಯಿತು, ಕರ್ತವ್ಯವೆಂದು ವಿಧಿಸಲ್ಪಡಲಿಲ್ಲ. ಅಧಿಕಾರವುಂಟು, ನಿರ್ಬಂಧವಿಲ್ಲ ಎಂಬ ಶಾಸನಗಳ ಗತಿಯೇನಾಗುವುದೆಂದು ನಮ್ಮ ಅಧಿಕಾರಿ ವಾಚಕರಿಗೆ ನಾವು ಹೇಳಬೇಕಾಗಿಲ್ಲ. ಸರಕಾರದ ಮಿತವ್ಯಯದ ಕೊಡಲಿಯೂ 1922ರಲ್ಲಿ ಬಿದ್ದಿತು. ಆಕೆಯು ಸಾಯುವಾಗ ಇಂಗ್ಲೆಂಡಿನ ಶಿಶುಶಾಲೆಗಳು ನೂರರ ಸಂಖ್ಯೆಯನ್ನೂ ಮುಟ್ಟಿರಲಿಲ್ಲ.

ಆಕೆಯ ಅಭಿಪ್ರಾಯಗಳನ್ನೆಲ್ಲ ನಾವು ಒಪ್ಪುವವರಲ್ಲ. ನೂರಾರು ಮಕ್ಕಳ ದೊಡ್ಡ ಶಾಲೆಯೇ ಖರ್ಚಿಗೆ ಅಗ್ಗವೆಂದು ವಾದಿಸಿದಳು. 1923ರಲ್ಲಿ ಸ್ಥಾಪಿತವಾದ ಶಿಶುಶಾಲಾ ಸಂಘಕ್ಕೆ ಮೊದಲ ಅಧ್ಯಕ್ಷಳಾಗಿದ್ದವಳು, ಚಿಕ್ಕ ಶಾಲೆಗಳೇ ಮೇಲೆನ್ನುತ್ತಿದ್ದ ಗ್ರೇಸ್ ಓವೆನ್ ಮೊದಲಾದವರೊಡನೆ ಈ ವಿಷಯದಲ್ಲಿ ಹೊಂದಿಕೊಳ್ಳಲಿಲ್ಲ. ಹಸುಳೆಗಳ ಮಟ್ಟಿಗೆ ನಾವು ಓವೆನ್ನಳ ಪಕ್ಷದವರು. ಹೈಡ್ ಪಾರ್ಕಿನಲ್ಲಿ ಗುಡುಗಿದ್ದವಳು ಕಡೆಗಾಲದಲ್ಲಿ ಪ್ರಭುವರ್ಗದ ನ್ಯಾನ್ಸಿ ಆಸ್ಟರಳ ಸ್ನೇಹದಿಂದ ಹಣ ಕೂಡಿಸಿದುದನ್ನು ಹಳೆಯ ಸಂಗಾತಿಗಳು ಆಕ್ಷೇಪಿಸಿದರು. ಹಣವು ಸ್ನಾನದ ನೀರಾಯಿತು, ನಮಗೆ ಆಕ್ಷೇಪವಿಲ್ಲ.

ಆ ಹಣದಿಂದಲೇ ಅಕ್ಕನ ಹೆಸರಿನ ಉಪಾಧ್ಯಾಯಿನಿಯರ ಕಾಲೇಜು ಡೆಟ್‌ಫರ್ಡಿನಲ್ಲಿ ಎದ್ದಿತು. 1930ರ ಮೇ ತಿಂಗಳಲ್ಲಿ ರಾಣಿ ಮೇರಿಯು ಅದರ ಪ್ರಾರಂಭೋತ್ಸವವನ್ನು ನೆರವೇರಿಸಿದಳು. ಮರುವರ್ಷ ಮಾರ್ಚ್ ತಿಂಗಳಲ್ಲಿ ಮಾರ್ಗರೆಟ್ಟಳು ಕಾಲವಶಳಾದಳು. ಬ್ರಾಕ್ಲಿಯ ಸ್ಮಶಾನದಲ್ಲಿ ಅಕ್ಕನ ಸಮಾಧಿಯಲ್ಲಿಯೇ ಆಕೆಯನ್ನೂ ಇರಿಸಿದರು. ತೋಟದ ಶಾಲೆಯು ನೂರು ವರ್ಷಗಳನ್ನು ದಾಟಿ ಮುಂದುವರಿಯಿತು.